ನಾಲ್ಕು ಅಡಿ ನೀರು

ಅಕ್ಟೋಬರ್ 5, ಶನಿವಾರ

ಇವತ್ತು ಇವರು ಊಟದ ಮೇಜು ಕುಟ್ಟಿ ಹೇಳಿಯೇಬಿಟ್ಟರು. ನಮ್ಮ ಹಾಯಿದೋಣಿ ಇನ್ನೊಂದು ಸಲ, ಹೊಳೆ ಸಮುದ್ರ ಸೇರುವ ಅಳಿವೆಯ ಮರಳಿನಲ್ಲಿ ಸಿಕ್ಕಿಹಾಕಿಕೊಂಡರೆ ಮಾರಿಬಿಡುವುದಂತೆ. ಕೊಳ್ಳುವವನೊಬ್ಬ ಆಗಲೇ ಬಂದು ಕೇಳಿಯೂ ಹೋಗಿದ್ದಾನಂತೆ. ಮದುವೆಯಾದಾಗಿನಿಂದ ಈ ಮನುಷ್ಯ ಮೇಜು ಕುಟ್ಟಿದ್ದು ಇದೇ ಮೊದಲು. ಕುಟ್ಟಿದ ಮೇಲೆ ಕೈ ನೋಯಿತೆಂದು ನೀವಿಕೊಂಡರು ಕೂಡ.

"ಅಪ್ಪನಿಗೆ ಎಪ್ಪತ್ತೆಂಟು ಕಣೇ. ಹೋದ ತಿಂಗಳು ಬಿದ್ದಾಗ ಪಕ್ಕೆಲುಬು ಬಿರುಕು ಬಿಟ್ಟಿದ್ದಕ್ಕೇ ಮುಗೀತು. ಮುಂದಿನ ಸಲ ತಲೆ ಒಡ್ಕೊಂಡ್ರೆ?"

ಮಾವ ತಮ್ಮ ತಟ್ಟೆ ನೋಡುತ್ತಾ ಕೂತಿದ್ದರು. ದೋಣಿ ಅವರದು, ಅವರೇ ಕಟ್ಟಿಸಿದ್ದು. ದೋಣಿ ಹೋದರೆ ಈ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡುತ್ತಾರೆ? ನಾನಾದರೂ ವಾರವಿಡೀ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಕಟ್ಟುಹಲ್ಲು ಮಾಡಿ, ಭಾನುವಾರ ಯಾವ ಗಾಳಿ ಕುಡಿಯಲಿ?

ಇವರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ದೋಣಿಯವನ ಮಗನಾಗಿ, ದಡದಲ್ಲಿ ನಿಂತು ಅಲೆ ನೋಡಿದರೂ ಹೊಟ್ಟೆ ತೊಳಸುವ ಪ್ರಾಣಿ. ಅದಕ್ಕೇ ಕನ್ನಡಕದ ಅಂಗಡಿ ಇಟ್ಟಿದ್ದು. ಬೀದಿಯವರು ನಮ್ಮಿಬ್ಬರನ್ನು ಕಣ್ಣು–ಹಲ್ಲು ಎಂದೇ ಕರೆಯುತ್ತಾರೆ.

ಆದರೆ ತಪ್ಪು ದೋಣಿಯದಲ್ಲ. ತಪ್ಪು ಆ ಗುಂಡಿನ ಹಗ್ಗದ್ದು. ಯಾವ ಕಾಲದ ಪದ್ಧತಿ ಅದು! ನಾನು ಹಿಂದೆ ಚುಕ್ಕಾಣಿ ಹಿಡಿಯುವುದು, ಮಾವ ಮುಂದೆ ದೋಣಿಯ ಮೂತಿಯಲ್ಲಿ ನಿಂತು ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಎಸೆದು ಆಳ ಕೂಗುವುದು. ಹಗ್ಗದಲ್ಲಿ ಆರು ಅಡಿಗೆ ತೊಗಲಿನ ಪಟ್ಟಿ, ಒಂಬತ್ತಕ್ಕೆ ಬಟ್ಟೆ, ಹನ್ನೆರಡಕ್ಕೆ ಗಂಟು. ಕಣ್ಣು ಅಲೆಯ ಮೇಲೇ ಇರಬೇಕು, ಗುರುತನ್ನು ಬೆರಳಿನಲ್ಲಿ ಮುಟ್ಟಿ ಹೇಳಬೇಕು. ಹೋದ ತಿಂಗಳು ಮಾವ "ಒಂಬತ್ತು!" ಎಂದು ಕೂಗಿದರು, ಹಿಂದೆಯೇ ದೋಣಿ ಮರಳಿಗೆ ನುಗ್ಗಿತು, ಮಾವ ಮುಗ್ಗರಿಸಿದರು. ದಿಬ್ಬ ಸರಿದಿದೆ ಎಂದರು ಆಮೇಲೆ. ನಮ್ಮ ದೋಣಿ ತೇಲಲು ನಾಲ್ಕು ಅಡಿ ನೀರು ಸಾಕು, ಒಂಬತ್ತು ಎಲ್ಲಿ, ನಾಲ್ಕು ಎಲ್ಲಿ!

ಆಳ ತೋರಿಸುವ ಮಷೀನು ತರುತ್ತೇನೆ. ಒಂದು ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಮಾವನನ್ನು ದೋಣಿಯ ಮಧ್ಯೆ ಮೊಣಕಾಲಿಗೆ ಕಂಬಳಿ ಹೊದಿಸಿ ಕೂರಿಸಿದರಾಯಿತು. ಎಲ್ಲರಿಗೂ ನೆಮ್ಮದಿ.

ಅಕ್ಟೋಬರ್ 7, ಸೋಮವಾರ

ದೋಣಿ ಸಾಮಾನಿನ ಅಂಗಡಿಗೆ ಮಾವನನ್ನೂ ಕರೆದುಕೊಂಡು ಹೋದೆ. ಅಂಗಡಿಯವನು ನನ್ನ ಮುಖ ನೋಡಿದ್ದೇ ತಡ, ಗೋಡೆಯಿಂದ ದೊಡ್ಡದೊಂದನ್ನು ಇಳಿಸಿದ. ಬಣ್ಣದ ಪರದೆ. ನೀಲಿ ನೀರು, ಕೆಂಪು ನೆಲ, ನಡುವೆ ಹಳದಿ ಮೀನು.

"ಮೀನು ಎಲ್ಲಿದೆ ಅಂತಾನೂ ತೋರಿಸುತ್ತೆ ಮೇಡಂ."

"ಮೀನಿನ ವಿಳಾಸ ನನಗ್ಯಾಕಪ್ಪ? ನೆಲ ಎಲ್ಲಿದೆ ಹೇಳಿದ್ರೆ ಸಾಕು. ಇದು ಕರೆಂಟು ಎಷ್ಟು ಕುಡಿಯುತ್ತೆ?"

ಪೆಟ್ಟಿಗೆ ತಿರುಗಿಸಿ ನೋಡಿದ. ಒಂದು ಆಂಪಿಯರ್. ನಮ್ಮದು ಹಾಯಿ ಮತ್ತು ಹುಟ್ಟಿನ ದೋಣಿ, ಎಂಜಿನ್ನಿಲ್ಲ, ಹೋಗುತ್ತಾ ಹೋಗುತ್ತಾ ಚಾರ್ಜ್ ಮಾಡಿಕೊಳ್ಳಲು ಏನೂ ಇಲ್ಲ. ಬ್ಯಾಟರಿಯಲ್ಲಿ ಇಟ್ಟುಕೊಂಡು ಹೋದದ್ದಷ್ಟೇ ಕರೆಂಟು. ಏಳು ಆಂಪಿಯರ್ ಗಂಟೆಯ ಚಿಕ್ಕ ಬ್ಯಾಟರಿ ಇಟ್ಟರೆ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಹಿಂಡಬಾರದು, ಅಂದರೆ ಮೂರೂವರೆ ಗಂಟೆಗೆ ಮೀನೂ ಇಲ್ಲ ನೆಲವೂ ಇಲ್ಲ. ನಾನು ಇದನ್ನೆಲ್ಲ ಹೇಳುತ್ತಿದ್ದರೆ ಅವನು ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

ಮೂಲೆಯಲ್ಲಿ ಧೂಳು ಹಿಡಿದಿದ್ದ ಇನ್ನೊಂದನ್ನು ಕೇಳಿದೆ. ಬರೀ ಅಂಕಿ, ದಪ್ಪ ಕಪ್ಪು ಅಂಕಿ. ಬಿಸಿಲಿನಲ್ಲೂ ಕಾಣುತ್ತದೆ, ಬಣ್ಣದ್ದು ಕುಡಿಯುವುದರಲ್ಲಿ ಹತ್ತರಲ್ಲಿ ಒಂದು ಪಾಲು ಕುಡಿಯುತ್ತದೆ. ನಾವು ಹೇಳಿದ ಆಳಕ್ಕಿಂತ ಕಡಿಮೆಯಾದರೆ ಕೀ ಕೀ ಎಂದು ಕೂಗುತ್ತದೆ. ಅದನ್ನೇ ತಂದೆ. ಅಂಗಡಿಯವನ ಮುಖ ಸಪ್ಪಗಾಯಿತು, ಆಗಲಿ.

ಮಾವ ಅಷ್ಟು ಹೊತ್ತೂ ಹಗ್ಗದ ಸುರುಳಿಗಳ ಮುಂದೆ ನಿಂತಿದ್ದರು. ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು.

ಅಕ್ಟೋಬರ್ 9, ಬುಧವಾರ

ಬ್ಯಾಟರಿ ಕೊಳ್ಳುವ ಅಗತ್ಯವೇ ಇಲ್ಲ. ಲ್ಯಾಬಿನ ಎಮರ್ಜೆನ್ಸಿ ದೀಪದ್ದು ಸುಮ್ಮನೆ ಕೂತಿದೆ, ಅದೂ ಹನ್ನೆರಡು ವೋಲ್ಟೇ. ಬಾಗಿಲಿನ ಬೆಲ್ಲಿಗೆ ಹಾಕಿ ಉಳಿದ ತಂತಿಯೂ ಇದೆ. ನನ್ನಷ್ಟು ಜಾಣೆ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ.

ಅಕ್ಟೋಬರ್ 12, ಶನಿವಾರ

ಅಂಟು ಹಾಕುವ ಮೊದಲು ಪರೀಕ್ಷೆ. ಈ ಮಷೀನಿಗೆ ಎರಡು ಭಾಗ. ಅಂಕಿ ತೋರಿಸುವ ಡಬ್ಬಿ ಮೇಲೆ. ಶಬ್ದ ಕಳಿಸಿ ಅದು ನೆಲಕ್ಕೆ ಬಡಿದು ಬರುವುದನ್ನು ಕೇಳಿಸಿಕೊಳ್ಳುವ ಬಿಲ್ಲೆ ಕೆಳಗೆ. ದೋಣಿಗೆ ತೂತು ಕೊರೆಯಬೇಕಾಗಿಲ್ಲ. ಫೈಬರ್ ತಳಕ್ಕೆ ಒಳಗಿನಿಂದಲೇ ಅಂಟಿಸಿದರೆ ಶಬ್ದ ದಾಟಿ ಹೋಗುತ್ತದೆ. ಮಧ್ಯೆ ಗಾಳಿ ಮಾತ್ರ ಇರಬಾರದು. ಮೊದಲು ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಅದರೊಳಗೆ ಬಿಲ್ಲೆ ಇಳಿಬಿಟ್ಟು, ತಳದ ಮೇಲೆ ಅಲ್ಲಲ್ಲಿ ಇಟ್ಟು ಎಲ್ಲಿ ಸರಿಯಾಗಿ ಕೇಳುತ್ತದೆ ನೋಡಬೇಕು.

ದಡದ ಕಟ್ಟೆಗೆ ಕಟ್ಟಿದ್ದ ದೋಣಿಯೊಳಗೆ ನಾನು ಚೀಲ ಹಿಡಿದು ಮಂಡಿಯೂರಿ ಒದ್ದಾಡುತ್ತಿದ್ದರೆ ಮಾವ ಬಂದು ಗೆಣ್ಣಿನಿಂದ ತಳವನ್ನು ಟಕ್ ಟಕ್ ಬಡಿದು, ಕಿವಿಗೊಟ್ಟು, "ಇಲ್ಲಿಡು. ಇಲ್ಲಿ ಗಟ್ಟಿಯಿದೆ" ಎಂದರು. ಇಟ್ಟೆ. ಹನ್ನೊಂದು ಅಡಿ ಎಂದು ಬಂತು! ಕುಣಿಯಬೇಕು ಅನ್ನುವಷ್ಟರಲ್ಲಿ ಅಂಕಿ ಮಂಕಾಗಿ, ಕಣ್ಣು ಮಿಟುಕಿಸಿ, ಹೋಯಿತು.

ಅಂಗಡಿಯವನ ವಂಶವನ್ನೆಲ್ಲ ಬೈದೆ. ಮಾವ ಪೂರ್ತಿ ಕೇಳಿಸಿಕೊಂಡು ಕೇಳಿದರು, "ಅದರ ಹೊಟ್ಟೆಗೆ ಏನು ಹಾಕಿದೀಯಮ್ಮಾ?"

ಬ್ಯಾಟರಿಯನ್ನು ಅಳೆದು ನೋಡಿದೆ. ಸತ್ತ ಹಾಗೆಯೇ. ಪಕ್ಕ ಬೇರೆ ಉಬ್ಬಿದೆ. ಬೆಲ್ಲಿನ ತಂತಿಯೋ, ಕೂದಲೆಳೆ. ಸರಿ, ಇದರಲ್ಲಿ ನನ್ನ ಜಾಣತನದ ಮಾತು ಬೇಡ.

ಅಕ್ಟೋಬರ್ 13, ಭಾನುವಾರ

ಹೊಸ ಬ್ಯಾಟರಿ ಬಂತು. ದಪ್ಪ ತಂತಿ ಬಂತು. ಬ್ಯಾಟರಿಯ ಬುಡದಲ್ಲೇ ಒಂದು ಆಂಪಿಯರಿನ ಫ್ಯೂಸು ಹಾಕಿದೆ, ತಂತಿ ಎಲ್ಲಿ ತಾಗಿದರೂ ಬೆಂಕಿಯಾಗಬಾರದು. ಮುಚ್ಚಳವಿರುವ ಡಬ್ಬದಲ್ಲಿ ಕೂರಿಸಿ ಬೆಲ್ಟು ಬಿಗಿದೆ. ವಾರವೆಲ್ಲ ಮನೆಯಲ್ಲಿ ಚಾರ್ಜು, ಭಾನುವಾರ ಬೆಳಗಿನಿಂದ ಸಂಜೆವರೆಗೆ ನಡೆಸಿದರೂ ಕಾಲು ಭಾಗ ಇಳಿಯುವುದಿಲ್ಲ. ಇದು ಲೆಕ್ಕ!

ಇವರು ಸಂಜೆ ಅಂಗಡಿಯಿಂದ ಬಂದು ಮಾವನ ಮುಂದೆ ಹೊಸ ಕನ್ನಡಕ ಇಟ್ಟರು. "ಆ ಅಂಕಿ ಓದೋಕೆ" ಎಂದಷ್ಟೇ ಹೇಳಿ ಒಳಗೆ ಹೋದರು. ದೋಣಿ ಮಾರಬೇಕು ಎನ್ನುವವರೂ ಇವರೇ.

ಅಕ್ಟೋಬರ್ 16, ಬುಧವಾರ

ಅಂಟಿಸಿದೆ. ಎಪಾಕ್ಸಿ ಅಂಟಿನಲ್ಲಿ ಒಂದು ಗುಳ್ಳೆ ಉಳಿದರೂ ಮಷೀನು ಕಿವುಡಾಗುತ್ತದೆ ಎಂದು ಅಂಗಡಿಯವನು ಹೆದರಿಸಿದ್ದ. ಪಾಪ, ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಇಷ್ಟು ವರ್ಷ ಜನರ ವಸಡಿನ ಅಚ್ಚಿಗೆ ಗುಳ್ಳೆಯಿಲ್ಲದೆ ಪ್ಲಾಸ್ಟರ್ ಹಿಟ್ಟು ಸುರಿದವಳು ನಾನು. ಒಂದು ಗುಳ್ಳೆ ಬಂದರೆ ಹಲ್ಲಿನ ಸೆಟ್ಟು ಬಾಯಿಗೆ ಚುಚ್ಚುತ್ತದೆ, ಆಮೇಲೆ ಆ ಬಾಯಿಂದ ಬರುವ ಬೈಗುಳ ನಾನೇ ಕೇಳಬೇಕು. ಅಂಟನ್ನು ನಿಧಾನಕ್ಕೆ ಕಲಸಿ, ಒಂದೇ ಬದಿಯಿಂದ ಹರಿಬಿಟ್ಟು, ಬಿಲ್ಲೆಯನ್ನು ಓರೆಯಾಗಿ ಇಳಿಸಿ ತಿರುಚಿ ಒತ್ತಿದೆ. ಮಾವ ಟಾರ್ಚು ಹಿಡಿದಿದ್ದರು. ಒಂದು ಗುಳ್ಳೆ ಇಲ್ಲ.

"ಹಲ್ಲು ಕೂರಿಸಿದ ಹಾಗೇ ಕೂರಿಸಿಬಿಟ್ಟೆಯಲ್ಲ" ಎಂದರು. ಮಾವ ಹೊಗಳುವುದು ಅಪರೂಪ. ಬರೆದಿಟ್ಟಿದ್ದೇನೆ.

ಅಕ್ಟೋಬರ್ 19, ಶನಿವಾರ

ಬಿಲ್ಲೆ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ಅಂಕಿಗೆ ಕೂಡಿಸಲು ಮಷೀನಿನಲ್ಲೇ ಗುಂಡಿಯಿದೆ, ಒತ್ತಿ ಕೂಡಿಸಿದೆ. ಮಷೀನು ಸರಿಯೋ ತಪ್ಪೋ ನೋಡಲು ಗುಂಡಿನ ಹಗ್ಗ ಹಾಕಿ ಹೋಲಿಸಬೇಕು. ಮಾವನಿಗೆ ಹೇಳಿದಾಗ ಅವರ ಮುಖ ಅರಳಿತು. ಅಂಗಿಯ ತೋಳು ಮಡಚಿ ಕಟ್ಟೆಯ ಬಳಿ ದೋಣಿಯ ಮೂತಿಗೆ ಹೋಗಿ ನಿಂತರು. ಹಳೆಯ ಠೀವಿ. ಗುಂಡು ಬುಳುಕ್ಕೆಂದು ಹೋಯಿತು.

ಮಷೀನು ಒಂಬತ್ತು ತೋರಿಸುತ್ತಿತ್ತು. ನಾನು ಹೇಳಲಿಲ್ಲ, ಅವರೇ ಹೇಳಲಿ ಎಂದು ಪಕ್ಕಕ್ಕೆ ಹೋಗಿ ನಿಂತೆ. ಅವರ ಹೆಬ್ಬೆರಳು, ತೋರುಬೆರಳಿನ ನಡುವೆ ಬಟ್ಟೆಯ ಗುರುತು ಇತ್ತು. ಕೆಂಪು ಬಟ್ಟೆ, ನೀರಿಗೆ ತಾಗಿದ ಹಾಗೇ. ನನ್ನ ಕಣ್ಣಾರೆ ನೋಡಿದೆ. ಮಾವ ಸಮುದ್ರದ ಕಡೆ ಮುಖಮಾಡಿ ಬೆರಳಾಡಿಸಿದರು. ಮತ್ತೆ ಆಡಿಸಿದರು. ಇನ್ನೊಮ್ಮೆ.

"ತೊಗಲು. ಆರು" ಎಂದರು.

ಹೋದ ತಿಂಗಳ "ಒಂಬತ್ತು" ನೆನಪಾಯಿತು. ಬಟ್ಟೆಗೂ ತೊಗಲಿಗೂ ವ್ಯತ್ಯಾಸ ಈ ಬೆರಳಿಗೆ ಗೊತ್ತಾಗುತ್ತಿಲ್ಲ, ಇವರು ಊಹಿಸಿ ಕೂಗುತ್ತಿದ್ದಾರೆ.

"ಮಷೀನು ಎಷ್ಟು ಹೇಳ್ತಿದೆ?"

"ಒಂಬತ್ತು" ಎಂದೆ. ಅವರ ಮುಖ ಬಿದ್ದುಹೋಯಿತು. ತಕ್ಷಣ ನನ್ನ ಬಾಯಿಂದ ಬಂತು, "ಮಷೀನೇ ಸರಿಯಿಲ್ಲ ಮಾವ. ಮೂರು ಅಡಿ ಹೆಚ್ಚಿಗೆ ತೋರಿಸ್ತಿದೆ. ಅಂಟು ಇನ್ನೂ ಒಣಗಿರಲ್ಲ."

ಯಾಕೆ ಹಾಗೆ ಹೇಳಿದೆನೋ. ಬಿಸಿಲಿಗೆ ತಲೆ ಕೆಟ್ಟಿರಬೇಕು. ನನ್ನ ಅಂಟನ್ನು ನಾನೇ ಹಳಿದುಕೊಂಡೆ.

ಅಕ್ಟೋಬರ್ 20, ಭಾನುವಾರ

ಹೊರಗೆ ಹೋಗಲಿಲ್ಲ, ಗಾಳಿ ಜೋರು. ಮಾವನ ಅಂಗಿಯ ಗುಂಡಿಗಳು ಮೂರು ದಿನದಿಂದ ಒಂದು ಮೇಲೆ ಒಂದು ಕೆಳಗೆ. ಎರಡು ಅಂಗಿಗೆ ದೊಡ್ಡ ಗುಂಡಿ ಹೊಲಿದೆ. ಹಳೆಯವು ಒಡೆದಿದ್ದವು ಎಂದು ಹೇಳಿದ್ದೇನೆ.

ಅಕ್ಟೋಬರ್ 22, ಮಂಗಳವಾರ

ಮೂರು ಸೆಟ್ಟು ಹಲ್ಲು ನಾಳೆಗೆ ಕೊಡಬೇಕು, ಉಸಿರಾಡಲು ಪುರುಸೊತ್ತಿಲ್ಲ. ಮಾವ ಹೊಸ ಕನ್ನಡಕ ಹಾಕಿಕೊಂಡು ಮಷೀನಿನ ಜೊತೆ ಬಂದ ಪುಸ್ತಕ ಓದುತ್ತಾ ಮಧ್ಯಾಹ್ನವೆಲ್ಲ ದೋಣಿಯಲ್ಲೇ ಇದ್ದರಂತೆ. ಸಂಜೆ ಲ್ಯಾಬಿನ ಬಾಗಿಲಲ್ಲಿ ನಿಂತು, "ಸರಿಮಾಡಿದೆ ಕಣಮ್ಮಾ" ಎಂದರು. ಬಾಯಲ್ಲಿ ಮೇಣದ ಚೂರು ಕಚ್ಚಿಕೊಂಡಿದ್ದೆ. "ಹ್ಞೂಂ" ಎಂದೆ. ಖುಷಿಯಾಗಿದ್ದರು. ಡಬ್ಬಿ ಒರೆಸಿಟ್ಟಿರಬೇಕು.

ಅಕ್ಟೋಬರ್ 26, ಶನಿವಾರ

ನಾಳೆ ಅಳಿವೆ ದಾಟುತ್ತೇವೆ. ಇವರು ದೂರದರ್ಶಕ ಹಿಡಿದು ಕಟ್ಟೆಯ ಮೇಲೆ ನಿಲ್ಲುತ್ತಾರಂತೆ, ಜೊತೆಗೆ ಆ ಕೊಳ್ಳುವವನನ್ನೂ ಕರೆದಿದ್ದಾರೆ. ಕರೆಯಲಿ, ಊರಿಗೆ ಊರನ್ನೇ ಕರೆಯಲಿ. ಬ್ಯಾಟರಿ ತುಂಬಿದೆ. ನಾಲ್ಕು ಅಡಿಗಿಂತ ಕಡಿಮೆಯಾದರೆ ಕೂಗು ಎಂದು ಮಷೀನಿಗೆ ಹೇಳಿದ್ದೇನೆ. ಮಾವನನ್ನು ಮೂತಿಗೆ ಕಳಿಸುವುದಿಲ್ಲ. ಹಾಗೆಂದು ಸುಮ್ಮನೆ ಕೂರಿಸಿದರೆ ಮುಖ ಊದಿಸುತ್ತಾರೆ. ಅಂಕಿ ಓದಿ ಹೇಳುವ ಕೆಲಸ ಕೊಟ್ಟಿದ್ದೇನೆ. ಕನ್ನಡಕ ಹೇಗೂ ಇದೆ.

ಅಕ್ಟೋಬರ್ 27, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ.

ಬೆಳಗ್ಗೆ ಕಟ್ಟೆಯ ಬಳಿ ಏಳು ಎಂದು ತೋರಿಸಿತು. ಇಷ್ಟು ಉಬ್ಬರಕ್ಕೆ ಏಳೇನಾ ಎಂದು ಒಂದು ಕ್ಷಣ ಅನ್ನಿಸಿತು. ಉಬ್ಬರ ಇನ್ನೂ ಏರಬೇಕು ಎಂದುಕೊಂಡು ಹಗ್ಗ ಬಿಚ್ಚಿದೆ. ಗಾಳಿ ಬೆನ್ನಿಗಿತ್ತು. ಹಾಯಿ ತುಂಬಿ ದೋಣಿ ಸರಾಗವಾಗಿ ಹೊರಟಿತು. ಅಳಿವೆಯ ಬಾಯಲ್ಲಿ ದಾರಿ ತೀರಾ ಇಕ್ಕಟ್ಟು, ಎರಡೂ ಕಡೆ ಮರಳು. ಒಳಗೆ ನುಗ್ಗಿದ ಮೇಲೆ ಮುಗಿಯಿತು, ಬೆನ್ನಿಗೆ ಗಾಳಿ ಇಟ್ಟುಕೊಂಡು ಅಲ್ಲಿ ತಿರುಗಿಸಲು ಹೋದರೆ ದೋಣಿ ಅಡ್ಡವಾಗಿ ದಿಬ್ಬದ ಮೇಲೇ ಹೋಗಿ ಕೂರುತ್ತದೆ.

ಮಾವ ನನ್ನ ಪಕ್ಕ ಕೂತು ಓದುತ್ತಿದ್ದರು. "ಆರು... ಆರು... ಐದೂವರೆ... ಐದು."

ನಾನು ಎದುರಿನ ಅಲೆ ನೋಡುತ್ತಿದ್ದೆ. "ನಾಲ್ಕೂವರೆ" ಎಂದರು. ದನಿ ಬದಲಾಗಿತ್ತು. "ನಾಲ್ಕು." ಅಷ್ಟರಲ್ಲಿ ಮಷೀನು ಕೀ ಕೀ ಕೀ ಎಂದು ಕಿರುಚಿತು. "ಮೂರೂವರೆ! ತಿರುಗಿಸಮ್ಮಾ, ತಿರುಗಿಸು!"

ಕಟ್ಟೆಯ ಮೇಲೆ ಇವರು ನಿಂತಿರುವುದು, ಪಕ್ಕದಲ್ಲಿ ಆ ಕೊಳ್ಳುವವನು ನಿಂತಿರುವುದು, ಎಲ್ಲ ಕಣ್ಣ ಮುಂದೆ ಬಂತು. ಚುಕ್ಕಾಣಿಯನ್ನು ಅರ್ಧ ತಳ್ಳಿಯೂ ಬಿಟ್ಟಿದ್ದೆ.

"ಮೂರು!" ಎಂದರು ಮಾವ.

ಆಗ ಕಾಲಡಿಯ ದೋಣಿ ನನಗೆ ತಿಳಿಯಿತು. ಎಲ್ಲೂ ತಾಗುತ್ತಿಲ್ಲ, ಉಜ್ಜುತ್ತಿಲ್ಲ, ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿದೆ. ನಾಲ್ಕು ಅಡಿ ಬೇಕಾದ ದೋಣಿ ಮೂರು ಅಡಿಯಲ್ಲಿ ಹೇಗೆ ಓಡುತ್ತದೆ? ಮೂರು. ಮೊನ್ನೆ "ಸರಿಮಾಡಿದೆ ಕಣಮ್ಮಾ" ಎಂದಿದ್ದರಲ್ಲ. ನಾನೇ ಹೇಳಿದ್ದಲ್ಲವೇ, ಮೂರು ಅಡಿ ಹೆಚ್ಚಿಗೆ ತೋರಿಸುತ್ತಿದೆ ಎಂದು! ಪುಣ್ಯಾತ್ಮರು ಮೂರು ಅಡಿ ಕಡಿಮೆ ಮಾಡಿಟ್ಟಿದ್ದಾರೆ, ನನ್ನ ಮಾತು ನಂಬಿ.

ಚುಕ್ಕಾಣಿಯನ್ನು ನೇರಕ್ಕೆ ಎಳೆದುಕೊಂಡೆ.

"ಏನ್ಮಾಡ್ತಿದೀಯಾ? ತಿರುಗಿಸು ಅಂದ್ನಲ್ಲ! ಮೂತಿಗೆ ಹೋಗಿ ಗುಂಡು ಹಾಕ್ತೀನಿ" ಎಂದು ಎದ್ದೇಬಿಟ್ಟರು. ಅಲ್ಲಿ ಎದ್ದು ಓಡಿದರೆ ನೀರಿಗೇ ಬೀಳುತ್ತಾರೆ. ಎಡಗೈಯಿಂದ ಅವರ ಅಂಗಿ ಹಿಡಿದು ಕೂರಿಸಿದೆ. ಗುಂಡಿ ಕಿತ್ತು ಬಂತು.

"ಕೂತ್ಕೊಳಿ ಮಾವ! ನೀರು ಆರಡಿ ಇದೆ. ಅವತ್ತು ಮಷೀನು ಸರಿಯಾಗಿತ್ತು. ನಿಮ್ಮ ಕೈಯಲ್ಲಿ ಇದ್ದದ್ದು ಬಟ್ಟೆ. ತೊಗಲಲ್ಲ. ನಾನು ಸುಳ್ಳು ಹೇಳಿದೆ!"

ಕೀ ಕೀ ಕೀ. ಮಾವ ಕೂತರು. ನನ್ನ ಮುಖ ನೋಡಲಿಲ್ಲ, ಅಂಕಿಯನ್ನೂ ನೋಡಲಿಲ್ಲ. ಎರಡೂ ಕೈ ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಕೂತರು. ಮಷೀನು ಒಮ್ಮೆ ಎರಡೂವರೆಗೂ ಇಳಿಯಿತು. ದೋಣಿ ನಿಲ್ಲಲಿಲ್ಲ. ಮೂರಾಯಿತು, ಐದಾಯಿತು, ಕೂಗು ನಿಂತಿತು. ಒಂದು ದೊಡ್ಡ ಅಲೆ ನಮ್ಮನ್ನು ಎತ್ತಿ ಇಳಿಸಿತು, ನಾವು ಹೊರಗಿದ್ದೆವು.

ನಾನು ಹಾಯಿಯ ಹಗ್ಗ ಸಡಿಲಿಸಿ ಕಟ್ಟಿದೆ.

"ಬಟ್ಟೆನಾ ಅದು?" ಎಂದರು ಮಾವ.

"ಬಟ್ಟೆ."

"ಬೇಸಿಗೆಯಿಂದ ಹೀಗೆ. ಬಿಸಿನೀರು ತಣ್ಣೀರು ಎರಡೂ ಒಂದೇ ಥರ. ಮುಟ್ಟಿದ್ದು ಗೊತ್ತಾಗುತ್ತೆ, ಏನು ಮುಟ್ಟಿದೆ ಅಂತ ಗೊತ್ತಾಗಲ್ಲ."

ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದೂ ಬರೆಯಬಹುದು, ಆದರೆ ಇದನ್ನು ಓದುವವರು ಯಾರು? ಅಳುವೇ.

"ಯಾಕೆ ಹೇಳ್ಲಿಲ್ಲ ಮಾವ?"

"ಹೇಳಿದ್ರೆ ನೀನು ನನ್ನನ್ನ ಕಂಬಳಿ ಹೊದಿಸಿ ಮಧ್ಯದಲ್ಲಿ ಕೂರಿಸ್ತಿದ್ದೆ."

ಇದು ಅವರಿಗೆ ಹೇಗೆ ತಿಳಿಯಿತೋ, ಆಣೆಗೂ ನನಗೆ ಗೊತ್ತಿಲ್ಲ. ನಾಲಿಗೆ ಕಚ್ಚಿಕೊಂಡೆ.

ಆಮೇಲೆ ಮಷೀನಿನ ಮೂರು ಅಡಿಯನ್ನು ಇಬ್ಬರೂ ಸೇರಿ ವಾಪಸ್ಸು ಹಾಕಿದೆವು. ಗುಂಡಿ ಒತ್ತಿದ್ದು ನಾನು, ಯಾವುದನ್ನು ಒತ್ತಬೇಕೆಂದು ಹೇಳಿದ್ದು ಅವರು. ಪುಸ್ತಕ ಪೂರ್ತಿ ಓದಿದ್ದಾರೆ, ನಾನು ಮೂರು ಪುಟ ಓದಿದ್ದೆ. ಅದಕ್ಕೆ ಎರಡು ಕೈಯೂ ಬೇಕಿದ್ದುದರಿಂದ ಚುಕ್ಕಾಣಿಯನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ಅವರಿಗೆ ಕೊಟ್ಟೆ. ಅವರು ಅದನ್ನು ಕಂಕುಳಲ್ಲಿ ಒತ್ತಿಕೊಂಡರು. ಬೆರಳಿನ ಹಂಗೇ ಇಲ್ಲ, ತೋಳು, ಬೆನ್ನು, ಸೊಂಟ ಎಲ್ಲ ಸೇರಿ ಹಿಡಿಯುತ್ತಾರೆ. ದೋಣಿ ನನ್ನ ಕೈಯಲ್ಲಿ ಇಷ್ಟು ನೆಟ್ಟಗೆ ಯಾವತ್ತೂ ಹೋಗಿಲ್ಲ. ವಾಪಸ್ಸು ಕೇಳಲು ಮರೆತೆ. ತೋಳು ಬೇರೆ ನೋಯುತ್ತಿತ್ತು.

ಬರುವಾಗ ಗಾಳಿ ತಿರುಗಿ ಮತ್ತೆ ಬೆನ್ನಿಗೇ ಬಂತು. ಅಳಿವೆಯಲ್ಲಿ ಏಳು ಅಡಿ. ಒಂದು ಕೂಗಿಲ್ಲ.

ಕಟ್ಟೆಯಲ್ಲಿ ಇವರ ಮುಖ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ದೂರದರ್ಶಕದಲ್ಲಿ ಅಲೆ ನೋಡಿ ನೋಡಿ ಒಂದು ಸಲ ವಾಂತಿಯೂ ಆಯಿತಂತೆ. ಕೊಳ್ಳುವವನು ಅದನ್ನು ನೋಡಿಯೇ ದೂರ ಸರಿದು ನಿಂತಿದ್ದ.

"ಸಿಕ್ಕಿಹಾಕ್ಕೊಂಡ್ರಾ?" ಎಂದರು ಇವರು.

"ಇಲ್ಲ" ಎಂದರು ಮಾವ. ಕಟ್ಟೆ ಹತ್ತಿ, ಮಗನ ಮುಂದೆ ಎರಡೂ ಕೈ ಚಾಚಿದರು. "ನನ್ನ ಬೆರಳು ಸತ್ತಿವೆ ಕಣೋ. ಹೋದ ತಿಂಗಳು ಮರಳಿಗೆ ಹೋಗಿದ್ದು ಅದಕ್ಕೇ. ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಆದ್ರೆ ದೋಣಿ ಮಾರಬೇಡ. ಇವತ್ತು ಒಳಗೆ ತಂದಿದ್ದು ನಾನೇ."

ಇವರು ಆ ಕೈಗಳನ್ನು ಹಿಡಿದುಕೊಂಡು ನಿಂತೇ ಇದ್ದರು. ಆಮೇಲೆ ತಿರುಗಿ ಕೊಳ್ಳುವವನಿಗೆ, "ದೋಣಿ ಕೊಡೋದಿಲ್ಲಪ್ಪ" ಎಂದರು. ಈ ಸಲ ಏನನ್ನೂ ಕುಟ್ಟಲಿಲ್ಲ.

ಅಕ್ಟೋಬರ್ 31, ಗುರುವಾರ

ಡಾಕ್ಟರು ನರ ಎಂದರು, ಮಾತ್ರೆ ಕೊಟ್ಟರು. ಇನ್ನೂ ಹಾಳಾಗದಂತೆ ನೋಡಿಕೊಳ್ಳಬಹುದು, ಹೋದದ್ದು ಪೂರ್ತಿ ಬರುವುದು ಕಷ್ಟವಂತೆ. ಮಾವ ಕೇಳಿದ್ದು ಒಂದೇ ಪ್ರಶ್ನೆ, ಭಾನುವಾರ ಚುಕ್ಕಾಣಿ ಹಿಡಿಯಬಹುದೇ ಎಂದು. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ.

ನವೆಂಬರ್ 3, ಭಾನುವಾರ

ಬ್ಯಾಟರಿ ಸಂಜೆಗೂ ಹನ್ನೆರಡೂವರೆ ವೋಲ್ಟಿನ ಮೇಲಿತ್ತು. ನನ್ನ ಲೆಕ್ಕ ಅಂದರೆ ಲೆಕ್ಕ.

ಚುಕ್ಕಾಣಿ ಮಾವನದು. ಅಂಕಿ ನನ್ನದು. ನನ್ನ ಗಂಟಲು ಬೀದಿಯ ಆ ತುದಿಗೆ ಕೇಳುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರಲ್ಲ, ಕೊನೆಗೂ ಅದಕ್ಕೊಂದು ಉಪಯೋಗವಾಯಿತು. ಅಳಿವೆಯ ಬಾಯಲ್ಲಿ ಗಾಳಿ ಬೊಬ್ಬೆ ಹೊಡೆಯುತ್ತಿತ್ತು. ನಾನು ಮಾವನ ಪಕ್ಕದಲ್ಲೇ ಕೂತು, ಇದ್ದ ಬದ್ದ ಉಸಿರನ್ನೆಲ್ಲ ಸೇರಿಸಿ "ಎಂಟು! ಏಳೂವರೆ! ಏಳು!" ಎಂದು ಕೂಗುತ್ತಿದ್ದೆ.

ಮಾವ ಅಲೆಯಿಂದ ಕಣ್ಣು ತೆಗೆಯದೆ ಹೇಳಿದರು, "ಮೆಲ್ಲಗೆ ಹೇಳಮ್ಮಾ. ಹೋಗಿರೋದು ಬೆರಳು, ಕಿವಿಯಲ್ಲ."